ಪೋಷಕರ ಕಪಾಟಿನ ಪೆನ್ಸಿಲ್

ಗ್ರಂಥಾಲಯದಲ್ಲಿ ಕೆಲಸ ಎಂದರೆ ಸಾಕು, ಜನ ಹೇಳುವ ಮಾತು ಒಂದೇ: "ಪುಣ್ಯ ಮಾಡಿದ್ರಿ ಬಿಡಿ, ದಿನಾ ಕೂತ್ಕೊಂಡು ಓದೋದೇ ಕೆಲ್ಸ." ಸೇವೆಯಲ್ಲಿದ್ದಾಗ ನಾನು ಕೂತು ಓದಿದ ಪುಸ್ತಕಗಳನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಬಹುದು. ನಾನು ಮಾಡಿದ್ದು ಧೂಳು ಕೊಡವುವ ಕೆಲಸ, ಮೊಹರು ಒತ್ತುವ ಕೆಲಸ, ಗೆದ್ದಲಿನ ಜೊತೆ ಗುದ್ದಾಡುವ ಕೆಲಸ, ಫ್ಯಾನಿನ ಕೆಳಗಿನ ಒಂದೇ ಕುರ್ಚಿಗೆ ಕಿತ್ತಾಡುವ ಪಿಂಚಣಿದಾರರನ್ನು ಸಮಾಧಾನ ಮಾಡುವ ಕೆಲಸ. ಇವೆಲ್ಲಕ್ಕಿಂತ ಹೆಚ್ಚಾಗಿ ಮಾಡಿದ್ದು ಅಳಿಸುವ ಕೆಲಸ. ಹೊಸದಾಗಿ ಈ ವೃತ್ತಿಗೆ ಬರುವ ಹುಡುಗ ಹುಡುಗಿಯರಿಗೆ ಅದನ್ನೇ ಹೇಳಬೇಕೆಂದು ಕೂತಿದ್ದೇನೆ.

ಯಲಹಂಕ ನ್ಯೂ ಟೌನ್ ದಾಟಿದ ಮೇಲಿನ ಒಂದು ಬಡಾವಣೆಯಲ್ಲಿ, ಹಾಲಿನ ಬೂತಿನ ಪಕ್ಕ, ಎರಡು ಕೋಣೆಯ ಪುಟ್ಟ ಶಾಖೆ ನನ್ನದು. ಅಲ್ಲಿಗೆ ಹೋದ ಮೊದಲ ದಿನ ಮೇಲಧಿಕಾರಿ ಹಿರೇಮಠ ಸರ್ ನನ್ನ ಕೈಗೆ ಬೀಗದ ಕೈ ಕೊಡುವ ಮುಂಚೆ ಒಂದು ರಬ್ಬರ್ ಕೊಟ್ಟರು. ಧಾರವಾಡದ ಕಡೆಯವರು, ಬಿಗಿ ಮನುಷ್ಯ. "ನೋಡ್ರಿ ಮೇಡಂ, ಪುಸ್ತಕ ವಾಪಸ್ ಬಂತಂದ್ರ ಮೊದಲ ಇದನ್ನ ತಗೋರಿ. ಪುಸ್ತಕದಾಗ ಬರೆದವ್ರು ಕಾಣಬೇಕು, ಓದಿದವ್ರು ಕಾಣಬಾರದು." ಪೆನ್ಸಿಲ್ಲಿನ ಗೆರೆ, ಟಿಪ್ಪಣಿ, ಫೋನ್ ನಂಬರು, ಎದೆಗೆ ಬಾಣ ಹೊಕ್ಕ ಚಿತ್ರ, ಏನೇ ಇರಲಿ, ಅಳಿಸಿ ಒಳಗಿಡಬೇಕು. ನಾನು ಎಷ್ಟು ಶ್ರದ್ಧೆಯಿಂದ ಅಳಿಸಿದೆನೆಂದರೆ, ಓದುಗರು ಹಿಂದಿನಿಂದ ನನ್ನನ್ನು 'ರಬ್ಬರ್ ಮೇಡಂ' ಎನ್ನುತ್ತಿದ್ದರು. ನನಗೂ ಅದು ಬಿರುದಿನ ಹಾಗೇ ಕೇಳಿಸುತ್ತಿತ್ತು.

ನನಗೆ ಇನ್ನೊಂದು ಚಾಳಿ ಇತ್ತು, ಕಾಗುಣಿತದ್ದು. ಹೋಟೆಲಿನ ಬೋರ್ಡಿನಲ್ಲಿ 'ಅಕ್ಕಿ ರೋಟಿ' ಎಂದು ಕಂಡರೆ ಒಳಗೆ ಹೋಗಿ ಹೇಳಿ ಬರುತ್ತಿದ್ದೆ. ತಿಂಡಿಗಿಂತ ಮೊದಲು ದೀರ್ಘ, ಒತ್ತು ನೋಡುವವಳು ನಾನು. ನನ್ನ ಯಜಮಾನರು ನನ್ನ ಜೊತೆ ಹೋಟೆಲಿಗೆ ಬರುವುದನ್ನೇ ಬಿಟ್ಟಿದ್ದರು.

ಆ ಶಾಖೆಯಲ್ಲಿ ನಾನು ನನ್ನದೇ ಅಂತ ಮಾಡಿದ ಒಂದು ಕೆಲಸವೆಂದರೆ ಪೋಷಕರ ಕಪಾಟು. ಮಕ್ಕಳನ್ನು ಬೆಳೆಸುವ ಬಗೆಗಿನ ಪುಸ್ತಕಗಳು ಆರೋಗ್ಯ, ಮನಶ್ಶಾಸ್ತ್ರ, ಶಿಕ್ಷಣ ಅಂತ ಹಂಚಿಹೋಗಿದ್ದವು. ಅವನ್ನೆಲ್ಲ ಹಿಂದಿನ ಕೋಣೆಯ ಮೂಲೆಯ ಒಂದು ಕಪಾಟಿಗೆ ತಂದೆ. ಕೆಳಗಿನ ಸಾಲಿನಲ್ಲಿ ಶಾಲೆಗೆ ಹೋಗುವ ಮುಂಚಿನ ಮಕ್ಕಳದು, ನಡುವಿನ ಸಾಲಿನಲ್ಲಿ ಶಾಲೆಯ ವಯಸ್ಸಿನದು, ಮೇಲಿನ ಸಾಲಿನಲ್ಲಿ ಹದಿಹರೆಯದ್ದು. ಪುಟ್ಟ ಮಕ್ಕಳ ತಾಯ್ತಂದೆ ಬಗ್ಗಿ ಹುಡುಕಬೇಕು, ಬೆಳೆದ ಮಕ್ಕಳ ತಾಯ್ತಂದೆ ಕತ್ತೆತ್ತಿ ನೋಡಬೇಕು, ಇದು ನನ್ನ ಲೆಕ್ಕಾಚಾರ. ಹಿರೇಮಠ ಸರ್ ನೋಡಿ ಹಣೆ ಚಚ್ಚಿಕೊಂಡರು.

"ಇದೇನ್ರೀ, ನಂಬರ್ ಪ್ರಕಾರ ಇಡೋದ ಬಿಟ್ಟು ಕಿರಾಣಿ ಅಂಗಡ್ಯಾಗ ಡಬ್ಬಿ ಜೋಡಿಸಿದಂಗ ಜೋಡಿಸೀರಲ್ಲ?"

"ಸರ್, ಮಗು ಬೆಳೆದ ಹಾಗೆ ಅಪ್ಪ ಅಮ್ಮ ಮೇಲಿನ ಸಾಲಿಗೆ ಹೋಗ್ತಾರೆ. ಹುಡುಕೋದು ಸುಲಭ."

"ಯಾರ್ ಹೋಗ್ತಾರ ನೋಡೂಣು," ಎಂದು ಹೊರಟುಹೋದರು.

ಅವರು ಹೇಳಿದ್ದು ಸುಳ್ಳಲ್ಲ. ಮಗುವಿಗೆ ಜ್ವರ ಬಂದರೆ, ಪರೀಕ್ಷೆ ಬಂದರೆ ಒಂದು ಪುಸ್ತಕ ಒಯ್ಯುತ್ತಿದ್ದರು. ಮೂರು ಸಾಲನ್ನೂ ಹತ್ತಿದವರು ಯಾರೂ ಇರಲಿಲ್ಲ. ಹೀಗಂತ ಎಷ್ಟೋ ವರ್ಷ ನಂಬಿದ್ದೆ.

ಒಂದು ದಿನ ಕೆಳಗಿನ ಸಾಲಿನ ಒಂದು ಪುಸ್ತಕ ತೆಗೆದೆ, ಧೂಳು ಒರೆಸಲು. ಹಿಂದಿನ ಪುಟದಲ್ಲಿ ಅಂಟಿಸಿದ ತಾರೀಖಿನ ಚೀಟಿ ಖಾಲಿ. ಎಂದರೆ ಆ ಪುಸ್ತಕವನ್ನು ಒಬ್ಬರೂ ಮನೆಗೆ ಒಯ್ದಿಲ್ಲ. ಆದರೆ ಒಳಗೆ, 'ಮಗುವನ್ನು ಒಂಟಿಯಾಗಿ ಬಿಡಬೇಡಿ' ಎಂಬ ಸಾಲಿನ ಪಕ್ಕದಲ್ಲಿ, ಪೆನ್ಸಿಲ್ಲಿನಲ್ಲಿ ಸೊಟ್ಟ ಸೊಟ್ಟ ದೊಡ್ಡ ಅಕ್ಷರಗಳು: 'ವರಗಿಂದ ಬೀಗ.' ಇನ್ನೆರಡು ಪುಟ ಮುಂದೆ: 'ಅಳು ನಿಲ್ಲಲ್ಲ.' ಹಟದ ಬಗೆಗಿನ ಅಧ್ಯಾಯದಲ್ಲಿ: 'ಒಡದೆ. ನಿದ್ದೆ ಬರ್ಲಿಲ್ಲ.'

ಯಾವುದೋ ಮಗು ಏನೋ ಒಡೆದಿದೆ, ಲೋಟವೋ ಬಟ್ಟಲೋ, ಅಂದುಕೊಂಡೆ. ಅಷ್ಟು ಪುಟ್ಟದು ಹಿಂದಿನ ಕೋಣೆಗೆ ಯಾವಾಗ ಬಂತು ಎಂದು ಕೂಡ ಯೋಚಿಸದೆ ರಬ್ಬರ್ ತೆಗೆದು ಉಜ್ಜಿದೆ.

ಮುಂದಿನ ವಾರ ಇನ್ನೊಂದು ಪುಸ್ತಕದಲ್ಲಿ ಮತ್ತೆ ಅದೇ ಅಕ್ಷರ. ಅಳಿಸಿದೆ. ಮತ್ತೆ ಬಂತು. ನಮ್ಮಲ್ಲಿಗೆ ಬರುವ ಮಕ್ಕಳೆಲ್ಲ ಮುಂದಿನ ಕೋಣೆಯಲ್ಲಿ ನನ್ನ ಕಣ್ಣೆದುರೇ ಕೂರುತ್ತಿದ್ದರು. ಹಿಂದಿನ ಕೋಣೆಯಲ್ಲಿ ದಿನವಿಡೀ ಯಾರೂ ಇರುತ್ತಿರಲಿಲ್ಲ. ಕಿಟಕಿಗೆ ಜಾಲರಿ. ಸಂಜೆ ಬೀಗ ಹಾಕುವಾಗ ಖಾಲಿಯಿದ್ದ ಅಂಚು, ಬೆಳಿಗ್ಗೆ ನಾನು ಬಂದು ನೋಡುವಾಗ ತುಂಬಿರುತ್ತಿತ್ತು. ಕೋಣೆಯಲ್ಲಿ ನೀರು ಚಿಮುಕಿಸಿ ಗುಡಿಸಿದ ವಾಸನೆ ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ.

ಒಂದು ಪುಟದಲ್ಲಿ, ಕತ್ತಲೆಗೆ ಅಂಜುವ ಮಕ್ಕಳ ಬಗ್ಗೆ ಬರೆದ ಕಡೆ, 'ನಂಗೆ ಎದರಿಕೆ ಆಯ್ತದೆ' ಎಂದಿತ್ತು. ನಾನು ಏನು ಮಾಡಿದೆ ಎಂದು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಹರಿದ ಪುಟಗಳಿಗೆ ಗುರುತು ಹಾಕಲು ಇಟ್ಟುಕೊಂಡಿದ್ದ ಕೆಂಪು ಪೆನ್ಸಿಲ್ ತೆಗೆದು, 'ಎ'ಗೆ ಸೊನ್ನೆ ಸುತ್ತಿ, ಮೇಲೆ 'ಹೆ' ಎಂದು ಬರೆದೆ. ಪಕ್ಕದಲ್ಲಿ ಒಂದು 'ಹ' ಬಿಡಿಸಿ ತೋರಿಸಿದೆ. ಒಂದು ಜೀವ ತನಗೆ ಭಯವಾಗುತ್ತಿದೆ ಎಂದು ಹೇಳಿದರೆ, ನಾನು ಅದರ ಕಾಗುಣಿತ ತಿದ್ದಿದೆ. ಅಷ್ಟರಲ್ಲಿ ಮುಂದೆ ಯಾರೋ ಕರೆದರು, ಅಳಿಸುವುದನ್ನು ಮರೆತು ಪುಸ್ತಕ ಒಳಗಿಟ್ಟೆ.

ಎರಡು ದಿನ ಬಿಟ್ಟು ಮತ್ತೆ ತೆರೆದೆ. ನಾನು ಬರೆದ ಒಂದು 'ಹ'ದ ಕೆಳಗೆ ಪುಟದ ಅಂಚಿನುದ್ದಕ್ಕೂ, ಮುಂದಿನ ಪುಟದಲ್ಲೂ, ಅದರ ಮುಂದಿನ ಪುಟದಲ್ಲೂ: ಹ ಹ ಹ ಹ ಹ ಹ. ಯಾರೋ ನನ್ನನ್ನು ನೋಡಿ ನಗುತ್ತಿದ್ದರು. ಮೊದಲು ನಡುಗುವ ಅಕ್ಷರ, ಆಮೇಲೆ ದೃಢ. ಕೊನೆಯ ಪುಟದಲ್ಲಿ ಒಂದೇ ಪದ, ಒಂದೂ ತಪ್ಪಿಲ್ಲದೆ: 'ಹೆದರಿಕೆ.'

ಅವತ್ತು ಆ ಕೋಣೆಯಲ್ಲಿ ಒಬ್ಬಳೇ ನಿಲ್ಲಲು ಆಗಲಿಲ್ಲ. ಹೊರಗೆ ಬಂದೆ. ನಮ್ಮಲ್ಲಿ ಬೆಳಿಗ್ಗೆ ಏಳೂವರೆಗೆ ಬಾಗಿಲು ತೆಗೆದು ಗುಡಿಸಿ ಒರೆಸುವ ಲಕ್ಷ್ಮಮ್ಮ ಮೆಟ್ಟಿಲ ಮೇಲೆ ಪೊರಕೆ ಕುಟ್ಟುತ್ತಿದ್ದಳು. ಅಟ್ಟೂರಿನ ಹಳೆ ಊರಿನವಳು, ಸಣಕಲು ಹೆಂಗಸು, ಮಾತು ಕಡಿಮೆ. ಗಂಡ ಬಿಟ್ಟುಹೋಗಿದ್ದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೊಂಟದ ಮೇಲೆ ಒಂದು ಹೆಣ್ಣು ಮಗುವನ್ನು ತರುತ್ತಿದ್ದಳು. ಮಗು ಪುಸ್ತಕ ಹರಿಯುತ್ತದೆ, ನಾಳೆಯಿಂದ ಬೇಡ ಎಂದಿದ್ದೆ.

"ಲಕ್ಷ್ಮಮ್ಮ, ಯಾವುದೋ ಮಗು ಹಿಂದಿನ ಕೋಣೆಗೆ ಬಂದು ಪುಸ್ತಕದಲ್ಲಿ ಬರೀತಾ ಇದೆ. ನೀನು ಯಾರನ್ನಾದ್ರೂ ನೋಡಿದ್ಯಾ?"

ಅವಳು ಪೊರಕೆ ನಿಲ್ಲಿಸಿದಳು. "ಇಲ್ಲ ಮೇಡಂ. ಏನ್ ಬರ್ದದೆ?"

"ಮನೇಲಿ ಹೊರಗಿಂದ ಬೀಗ ಹಾಕ್ತಾರಂತೆ. ಭಯ ಆಗುತ್ತಂತೆ. ಆ ಅಪ್ಪ ಅಮ್ಮ ಯಾರು ಅಂತ ಗೊತ್ತಾಗ್ಲಿ, ಪೊಲೀಸಿಗೆ ಹಿಡ್ಕೊಡ್ತೀನಿ. ಮಕ್ಕಳನ್ನ ಬೀಗ ಹಾಕಿ ಕೂಡಿಹಾಕೋರು ಮನುಷ್ಯರಾ?"

ಲಕ್ಷ್ಮಮ್ಮ ಬಕೀಟು ಎತ್ತಿಕೊಂಡು ಒಳಗೆ ಹೋದಳು.

ಇನ್ನು ನನ್ನ ದೊಡ್ಡ ಎಡವಟ್ಟಿನ ಕಥೆ. ಆಗ ನಮ್ಮಲ್ಲಿ ಪೋಷಕರ ಪುಸ್ತಕ ಹೆಚ್ಚಾಗಿ ಒಯ್ಯುತ್ತಿದ್ದವನು ಪ್ರಶಾಂತ್ ಎಂಬ ಎಂಜಿನಿಯರು, ಜಕ್ಕೂರು ಕೆರೆ ಕಡೆಯ ಅಪಾರ್ಟ್‌ಮೆಂಟಿನವನು. ಐದು ವರ್ಷದ ಮಗನಿಗೆ ಬೆಳಿಗ್ಗೆ ಆರರಿಂದ ವೇಳಾಪಟ್ಟಿ ಹಾಕಿದ್ದೇನೆ ಎಂದು ಒಮ್ಮೆ ಹೆಮ್ಮೆಯಿಂದ ಹೇಳಿಕೊಂಡಿದ್ದ. ನನಗೆ ಅಷ್ಟೇ ಸಾಕಾಯಿತು. ಸದಸ್ಯರ ಕಾರ್ಡಿನಿಂದ ವಿಳಾಸ ಬರೆದುಕೊಂಡು ಒಂದು ಭಾನುವಾರ ಮಧ್ಯಾಹ್ನ ಅವರ ಮನೆ ಗಂಟೆ ಒತ್ತಿದೆ.

"ಏನ್ ಮೇಡಂ, ಲೈಬ್ರರೀಲೂ ಹೋಂ ಡೆಲಿವರಿ ಶುರುವಾಯ್ತಾ?" ಎಂದ ಪ್ರಶಾಂತ್. ಅವನು ನಾಲ್ಕು ಕಾಲಲ್ಲಿ ನಿಂತಿದ್ದ. ಬೆನ್ನ ಮೇಲೆ ಮಗ ಕೂತು ಚಪ್ಪಲಿಯಿಂದ ಬಾರಿಸುತ್ತಿದ್ದ.

ನಾನು ಗಂಟಲು ಸರಿಮಾಡಿಕೊಂಡು, "ಮಗೂನ ಮನೆಯೊಳಗೆ ಬಿಟ್ಟು ಹೊರಗಿಂದ ಬೀಗ ಹಾಕ್ತೀರಂತೆ?" ಎಂದೆ.

ಅವನ ಹೆಂಡತಿ ಅಡಿಗೆಮನೆಯಿಂದ ಬಂದು ಬಿದ್ದು ಬಿದ್ದು ನಕ್ಕಳು. "ಇವನೇ ಇವರಪ್ಪನ್ನ ಬಾಲ್ಕನೀಲಿ ಹಾಕಿ ಚಿಲಕ ಹಾಕ್ತಾನೆ ಕಣ್ರೀ. ನಿಮಗೆ ಯಾರ್ ಹೇಳಿದ್ದು?"

"ಇವನೇ ಪುಸ್ತಕದಲ್ಲಿ ಬರೆದಿದ್ದಾನೆ."

"ಇವನಾ? ಕನ್ನಡದಲ್ಲಾ? ಇವನಿಗೆ ಅ ಆ ಇ ಈ ಬಂದ್ರೆ ನಾನು ಊರಿಗೆಲ್ಲ ಹೋಳಿಗೆ ಹಾಕಿಸ್ತೀನಿ ಮೇಡಂ."

ಕಾಫಿ ಕೊಟ್ಟು ಕಳಿಸಿದರು. ಮಾರನೇ ವಾರ ಹಿರೇಮಠ ಸರ್ ಬಂದು, "ನಾವು ಪುಸ್ತಕ ಕೊಡೋರು, ಮನಿ ಹೊಕ್ಕು ತಪಾಸ ಮಾಡೋರಲ್ಲ," ಎಂದು ಲಿಖಿತವಾಗಿ ಕೊಟ್ಟರು. ಅದು ನ್ಯಾಯವೇ. ನನಗೆ ಈಗ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಆ ಬರಹದಲ್ಲಿ ಮೊದಲು 'ಹ' ಇರಲಿಲ್ಲ. ಅಪಾರ್ಟ್‌ಮೆಂಟಿನ ಯಾವ ಮಗು 'ಎದರಿಕೆ' ಎನ್ನುತ್ತದೆ? ಸಾಕ್ಷಿ ಮೂಗಿನ ಕೆಳಗೇ ಇತ್ತು, ನಾನು ಅದಕ್ಕೆ ಕೆಂಪು ಸೊನ್ನೆ ಸುತ್ತಿದ್ದೆ.

ಅದಾದ ಮೇಲೆ ಬರಹ ನಿಂತಿತು. ಒಂದು ವರ್ಷ, ಎರಡು ವರ್ಷ. ಆ ಮಗುವಿಗೆ ಏನಾಯಿತೋ ಎಂದು ಕೆಲವೊಮ್ಮೆ ಕೆಲಸದ ನಡುವೆ ನೆನಪಾಗಿ ಕೈ ನಿಲ್ಲುತ್ತಿತ್ತು.

ಮತ್ತೆ ಶುರುವಾದದ್ದು ನಡುವಿನ ಸಾಲಿನಲ್ಲಿ. ಅಕ್ಷರ ಸಣ್ಣದಾಗಿತ್ತು, ಗೆರೆ ನೆಟ್ಟಗಾಗಿತ್ತು. ಬೈಗುಳದ ಬಗೆಗಿನ ಪುಟದಲ್ಲಿ 'ಇವತ್ತು ಬೈಲಿಲ್ಲ.' ಗಣಿತಕ್ಕೆ ಅಂಜುವ ಮಕ್ಕಳ ಪುಟದಲ್ಲಿ 'ಮಗ್ಗಿ ಹದಿಮೂರು ಬರಲ್ಲ.' ವರ್ಷ ಕಳೆದ ಹಾಗೆ ಬರಹ ಅದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಸರಿಯಿತು. ಆರು ವರ್ಷದ ಮಕ್ಕಳ ಪುಸ್ತಕದಿಂದ ಎಂಟರದಕ್ಕೆ, ಹತ್ತರದಕ್ಕೆ. ನಾನು ಕಪಾಟಿನ ಪಕ್ಕದ ಹಲಗೆಯ ಮೇಲೆ ಗೆರೆ ಎಳೆದು ನೋಡಿದೆ. ಮನೆಯಲ್ಲಿ ಮಕ್ಕಳ ಎತ್ತರಕ್ಕೆ ಗೋಡೆಯ ಮೇಲೆ ಗೆರೆ ಎಳೆಯುತ್ತೇವಲ್ಲ, ಹಾಗೆ. ಅನುಮಾನವೇ ಇರಲಿಲ್ಲ. ಕಣ್ಣಿಗೆ ಕಾಣದ ಯಾರೋ ಆ ಮೂಲೆಯಲ್ಲಿ ಬೆಳೆಯುತ್ತಿದ್ದರು, ಕೈ ಎಟುಕಿದಷ್ಟು ಮೇಲಕ್ಕೆ ಬರೆಯುತ್ತಿದ್ದರು.

ತಡೆಯಲಾರದೆ ಲಕ್ಷ್ಮಮ್ಮನಿಗೆ ಹೇಳಿದೆ, "ಇದು ಮನುಷ್ಯರ ಕೆಲಸ ಅಲ್ಲ ಅನ್ಸುತ್ತೆ ಕಣೆ. ಯಾವುದೋ ಸತ್ತ ಮಗು."

ಅವಳು ಒದ್ದೆ ಬಟ್ಟೆ ಹಿಂಡುತ್ತ, ನನ್ನ ಮುಖ ನೋಡದೆ ಹೇಳಿದಳು: "ಬೆಳಿಯೋ ದೆವ್ವ ಎಲ್ಲಾರ ಉಂಟಾ ಮೇಡಂ? ಸತ್ತೋರ್ಗೆ ವಯಸ್ಸಾಗಾಕಿಲ್ಲ. ಬದ್ಕಿರೋರೇ ಇರ್ಬೇಕು."

ಆ ಮಾತು ದೆವ್ವಕ್ಕಿಂತ ಹೆಚ್ಚು ಹೆದರಿಸಿತು. ಆದರೂ ನನ್ನ ಕೈ ತನ್ನ ಕೆಲಸ ನಿಲ್ಲಿಸಲಿಲ್ಲ. ಓದುತ್ತಿದ್ದೆ, ಮೈ ಜುಮ್ಮೆನ್ನುತ್ತಿತ್ತು, ಅಳಿಸುತ್ತಿದ್ದೆ. ಕೆಲವು ಪುಟಗಳ ಮೂಲೆಯಲ್ಲಿ ನೇರಳೆ ಶಾಯಿಯ ಕಲೆ ಇರುತ್ತಿತ್ತು. ಮೊಹರು ಒತ್ತಿ ಒತ್ತಿ ನನ್ನ ಬೆರಳೇ ಅಂಟಿರಬೇಕು ಎಂದುಕೊಂಡು ಬಿಟ್ಟುಬಿಡುತ್ತಿದ್ದೆ.

ಹಿರೇಮಠ ಸರ್ ನಿವೃತ್ತರಾದರು. ಕಂಪ್ಯೂಟರ್ ಬಂತು, ಪುಸ್ತಕಗಳ ಬೆನ್ನಿಗೆ ಬಾರ್‌ಕೋಡು ಬಂತು, ತಾರೀಖಿನ ಚೀಟಿ ಹೋಯಿತು. ಯಂತ್ರಕ್ಕೆ ಗೊತ್ತಿರುವುದು ಯಾವ ಪುಸ್ತಕ ಬಾಗಿಲು ದಾಟಿತು ಎನ್ನುವುದು ಮಾತ್ರ. ಒಳಗೇ ಕೂತು ಯಾರು ಏನು ಓದಿದರು ಎಂಬುದು ಅದಕ್ಕೆ ತಿಳಿಯದು. ಹೊಸ ಅಧಿಕಾರಿಗಳು ಪಟ್ಟಿ ತೆಗೆದು, ಪೋಷಕರ ಕಪಾಟಿನ ಪುಸ್ತಕಗಳನ್ನು ಯಾರೂ ಒಯ್ಯುವುದಿಲ್ಲ, ರದ್ದಿಗೆ ಹಾಕಿ ಎಂದರು. ಪಟ್ಟಿ ಹಿಡಿದು ಒಂದು ಬೆಳಿಗ್ಗೆ ಮೇಲಿನ ಸಾಲಿಗೆ ಕೈ ಹಾಕಿದೆ. ಹದಿಹರೆಯದ ಮಕ್ಕಳು ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ಏನು ಮಾಡಬೇಕು ಎಂಬ ಪುಟ ತಾನಾಗಿ ತೆರೆದುಕೊಂಡಿತು. ಅಂಚಿನಲ್ಲಿ ಮುದ್ದಾದ ಅಕ್ಷರ:

'ಈಗ ಒಳಗಿಂದ ಚಿಲಕ.'

ಅದರ ಕೆಳಗೆ, ಇನ್ನೂ ಹೊಸದಾಗಿ: 'ಮೂರು ದಿನ. ಊಟ ಇಲ್ಲ.'

ರಬ್ಬರ್ ಕೈಯಲ್ಲೇ ಇತ್ತು. ಸೇವೆಯಲ್ಲಿ ಮೊದಲ ಸಲ ಅದನ್ನು ಕೆಳಗಿಟ್ಟೆ. ಕೆಳಗಿನ ಸಾಲಿನ ಹಳೆಯ ಪುಸ್ತಕಗಳನ್ನು ಕಿಟಕಿಯ ಬಳಿ ಒಯ್ದು ಪುಟಗಳನ್ನು ಬೆಳಕಿಗೆ ಓರೆ ಮಾಡಿ ಹಿಡಿದೆ. ಪೆನ್ಸಿಲ್ ಹೋದರೂ ಒತ್ತಿ ಬರೆದ ತಗ್ಗು ಹೋಗುವುದಿಲ್ಲ. ನಾನು ಅಳಿಸಿದ್ದೆಲ್ಲ ಅಲ್ಲೇ ಇತ್ತು. ವರಗಿಂದ ಬೀಗ. ಅಳು ನಿಲ್ಲಲ್ಲ. ಹ ಹ ಹ ಹ. ಪುಟ ಪುಟದಲ್ಲೂ ಬಿಳಿಯ ಮೇಲೆ ಬಿಳಿ ಅಕ್ಷರ ಎದ್ದು ಬರುತ್ತಿತ್ತು. ಮತ್ತೆ ಮತ್ತೆ ಆ ನೇರಳೆ ಕಲೆ ಕಂಡಿತು. ಈ ಸಲ ಕನ್ನಡಕ ಹಾಕಿ ನೋಡಿದೆ. ಅದು ಕಲೆಯಲ್ಲ, ಹೆಬ್ಬೆಟ್ಟು. ಮಗುವಿನದಲ್ಲ, ದೊಡ್ಡವರದು. ನಟ್ಟನಡುವೆ ಕುಡುಗೋಲಿನ ಹಳೆ ಗಾಯದ ಬಿಳಿ ಗೆರೆ.

ಆ ಹೆಬ್ಬೆಟ್ಟನ್ನು ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದೆ. ಹಾಜರಿ ಪುಸ್ತಕ ತೆರೆದೆ. ಲಕ್ಷ್ಮಮ್ಮನ ಸಾಲಿನಲ್ಲಿ ಹದಿನಾಲ್ಕು ವರ್ಷದಿಂದ ಅದೇ ಗೆರೆ.

ಅವಳು ಬಾಗಿಲ ಬಳಿ ನಿಂತಿದ್ದಳು. ಅವತ್ತು ಗುಡಿಸಿರಲಿಲ್ಲ.

"ನೀನಾ ಲಕ್ಷ್ಮಮ್ಮ?"

"ಎರಡ್ನೇ ಕ್ಲಾಸ್ ತಂಕ ಓದಿದ್ದೆ ಮೇಡಂ. ಮರ್ತೋಗಿತ್ತು. ದಿನಾ ಬೆಳಗ್ಗೆ ನೀವು ಬರೋಕ್ ಮುಂಚೆ ಮಕ್ಳ ಪುಸ್ತಕ ನೋಡಿ ಇಲ್ಲೇ ಕಲ್ತೆ. ಮಗೀನ ಎಂಗೆ ಸಾಕ್ಬೇಕು ಅಂತ ಏಳಕ್ಕೆ ನಂಗ್ಯಾರಿದ್ರು? ಈ ಪುಸ್ತಕ ಏಳ್ತಿದ್ವು. ಅವು ಕೇಳಿದ್ದಕ್ಕೆ ನಾನೂ ಉತ್ತರ ಬರೀತಿದ್ದೆ."

"ಬೀಗ?"

"ನಾನೇ ಆಕ್ತಿದ್ದೆ. ನೀವೇ ಮಗೀನ ತರಬ್ಯಾಡ ಅಂದ್ರಲ್ಲಾ. ಎಲ್ಲಿ ಬುಡ್ಲಿ?"

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಕೇಳಬಾರದೆಂದಿದ್ದರೂ ಬಾಯಿಗೆ ಬಂತು: "ಅವತ್ತು 'ಒಡದೆ' ಅಂತ ಬರೆದಿದ್ದೆಯಲ್ಲ, ಏನು ಒಡೆದೆ?"

"ಏನೂ ಒಡೀಲಿಲ್ಲ ಮೇಡಂ. ಮಗೀಗೆ ಒಡ್ದೆ. ಅಳು ನಿಲ್ಲಿಸ್ನಿಲ್ಲ ಅಂತ."

ಒಂದು 'ಹ' ಇಲ್ಲದೆ ನಾನು ಹೊಡೆತವನ್ನು ಲೋಟ ಮಾಡಿಕೊಂಡಿದ್ದೆ.

ಮಗಳು ಚೈತ್ರಳಿಗೆ ಆಗ ಹದಿನೇಳು. ಕಾಲೇಜಿನಲ್ಲಿ ಪೋಷಕರ ಸಭೆಗೆ ಕರೆದಿದ್ದರು. ಎಲ್ಲರೂ ಸಾಲಾಗಿ ಸಹಿ ಹಾಕುವಾಗ ಲಕ್ಷ್ಮಮ್ಮ ಹೆಬ್ಬೆಟ್ಟು ಒತ್ತಿದಳು. ಜೊತೆಯ ಹುಡುಗಿಯರು ಅದರ ಫೋಟೋ ತೆಗೆದು ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು, ನಕ್ಕರು. ಚೈತ್ರ ಮನೆಗೆ ಬಂದು ಒಳಕೋಣೆ ಸೇರಿ ಚಿಲಕ ಹಾಕಿಕೊಂಡವಳು ಮೂರು ದಿನವಾದರೂ ತೆಗೆದಿಲ್ಲ. ಒಳಗೆ ಹೋಗುವಾಗ ಒಂದು ಚೊಂಬು ನೀರು ಒಯ್ದಿದ್ದಳು, ಅಷ್ಟೇ. ಈಗ ಉತ್ತರವೂ ಇಲ್ಲ.

"ಬರೆಯಕ್ಕೆ ಬರುತ್ತಲ್ಲ, ಸಹಿ ಯಾಕೆ ಹಾಕ್ಲಿಲ್ಲ?"

"ಯಾರಾರ ನೋಡ್ತಿದ್ರೆ ನಂಗೆ ಬರೆಯಕ್ಕಾಗಲ್ಲ ಮೇಡಂ. ಬರ್ದಿದ್ದು ಗೊತ್ತಾದ್ರೆ ನೀವು ಪೊಲೀಸ್ರಿಗೆ ಇಡ್ಕೊಡ್ತೀನಿ ಅಂದಿದ್ರಿ. ಮಗಳ್ಗೂ ಏಳಿಲ್ಲ, ಇಸ್ಕೂಲಲ್ಲಿ ಅಂದ್ಬುಟ್ಟಾಳು ಅಂತ. ಕೈ ಅಂಗೇ ಆಗೋಯ್ತು." ಆಮೇಲೆ ನನ್ನ ಸೆರಗು ಹಿಡಿದು, ಇನ್ನೂ ಮೆಲ್ಲಗೆ ಹೇಳಿದಳು: "ಒಳ್ಗೆ ಫ್ಯಾನ್ ಅದೆ ಮೇಡಂ."

ಗ್ರಂಥಾಲಯಕ್ಕೆ ಹಾಡುಹಗಲೇ ಬೀಗ ಹಾಕಿ ಅವಳ ಜೊತೆ ಓಡಿದೆ. ಅಟ್ಟೂರಿನ ಹಳೆ ಊರಿನ ಓಣಿ, ಎರಡು ಕಡೆಯೂ ಹೊಸ ಮಹಡಿಗಳು ಬಂದು ಹಗಲಲ್ಲೂ ಮಬ್ಬು. ಒಂದು ಹಜಾರ, ಒಂದು ಒಳಕೋಣೆಯ ಮನೆ. ಬಾಗಿಲ ಮುಂದೆ ಮುಚ್ಚಿಟ್ಟ ತಟ್ಟೆ ಹಾಗೇ ಇತ್ತು. ಲಕ್ಷ್ಮಮ್ಮ ಬಾಗಿಲಿಗೆ ಕಿವಿ ಇಟ್ಟಳು. ಸದ್ದಿಲ್ಲ. ಆ ನಿಶ್ಶಬ್ದದಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿದ್ದಕ್ಕೆ ನಾವಿಬ್ಬರೂ ಬೆಚ್ಚಿಬಿದ್ದೆವು.

"ಚೈತ್ರ, ನಾನು ಲೈಬ್ರರಿ ಮೇಡಂ ಕಣಮ್ಮ," ಎಂದೆ. ಆಮೇಲೆ ನನ್ನ ಕಪಾಟಿನ ಪುಸ್ತಕಗಳಲ್ಲಿದ್ದ ಮಾತುಗಳೆಲ್ಲ ನನ್ನ ಬಾಯಿಂದ ಬಂದವು: ನಿನ್ನ ಭಾವನೆ ನಮಗೆ ಅರ್ಥವಾಗುತ್ತದೆ, ನಾವು ನಿನ್ನ ಜೊತೆ ಇದ್ದೇವೆ, ಇತ್ಯಾದಿ. ಬಾಗಿಲಿಗೆ ಹೇಳಿದಂತೆಯೇ ಆಯಿತು.

"ಅಕ್ಕಪಕ್ಕದೋರನ್ನ ಕರೀತೀನಿ, ಬಾಗಿಲು ಒಡೆಸೋಣ," ಎಂದೆ.

"ಒಡದ್ರೆ ಏನಾರ ಮಾಡ್ಕಂಬುಟ್ರೆ?" ಲಕ್ಷ್ಮಮ್ಮ ತಲೆ ಆಡಿಸಿದಳು. "ಮೇಡಂ, ಕಾಗ್ದ ಐತಾ?"

ಚೀಲದಲ್ಲಿದ್ದ ಚೀಟಿ, ಪೆನ್ಸಿಲ್ ಕೊಟ್ಟೆ. ಅವಳು ನೆಲದ ಮೇಲೆ ಕೂತು ನನ್ನ ಕಡೆ ನೋಡಿದಳು. ನಾನು ಬೆನ್ನು ತಿರುಗಿಸಿದೆ. ಬಹಳ ಹೊತ್ತು ಪೆನ್ಸಿಲ್ ಸದ್ದು. ಬಾಗಿಲ ಕೆಳಗೆ ತಳ್ಳುವ ಮುಂಚೆ ನನಗೆ ತೋರಿಸಿದಳು: 'ನನಗೆ ಹೆದರಿಕೆ ಆಗುತ್ತಿದೆ. ಬಾಗಿಲು ತೆಗೆ.' ಒಂದೂ ತಪ್ಪಿರಲಿಲ್ಲ.

ಚೀಟಿ ಒಳಗೆ ಹೋಯಿತು. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಒಣಗಿದ ದನಿ ಬಂತು.

"ಇದು ಮೇಡಂ ಬರ್ದಿರೋದು. ನಮ್ಮವ್ವ ಬರ್ದಿದ್ದು ಅಂತ ನನ್ನ ಏಮಾರಿಸ್ಬೇಡಿ. ಹೋಗಿ."

ಚೀಟಿ ವಾಪಸ್ ಹೊರಗೆ ಜಾರಿತು. ಮಗಳ ದನಿ ಕೇಳಿ ಲಕ್ಷ್ಮಮ್ಮ ಎರಡೂ ಕೈ ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳು ಬದುಕಿದ್ದಳು. ಅತ್ತು ಮುಗಿಸಿ ನನ್ನ ಕಡೆ ಕೈ ಚಾಚಿದಳು.

"ರಬ್ಬರ್ ಕೊಡಿ ಮೇಡಂ."

ಚೀಲದಲ್ಲಿ ಸದಾ ಇರುತ್ತಿದ್ದ ಇನ್ನೊಂದು ರಬ್ಬರ್ ಕೊಟ್ಟೆ. ಅವಳು ಆ ತಪ್ಪಿಲ್ಲದ ಸಾಲನ್ನು ಪೂರ್ತಿ ಉಜ್ಜಿ ತೆಗೆದಳು. ಈ ಸಲ ನಾನು ನೋಡುತ್ತಿದ್ದರೂ ಲೆಕ್ಕಿಸದೆ, ಬಾಯಲ್ಲಿ ಹೇಳಿಕೊಳ್ಳುತ್ತ ಬರೆದಳು: 'ನಂಗೆ ಎದರಿಕೆ ಆಯ್ತದೆ ಕಣವ್ವ. ನೀ ಚಿಕ್ಕೋಳಿದ್ದಾಗ ವರಗಿಂದ ಬೀಗ ಆಕಿದ್ದು ತೆಪ್ಪಾಯ್ತು. ನೀ ಒಳಗಿಂದ ಆಕಬ್ಯಾಡ.' ನನ್ನ ಕೈ ಅಭ್ಯಾಸಬಲದಿಂದ ಚೀಟಿಯ ಕಡೆಗೆ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡೆ.

ಚೀಟಿ ಬಾಗಿಲ ಕೆಳಗೆ ಹೋಯಿತು. ಒಳಗೆ ಯಾರೋ ನೆಲದ ಮೇಲೆ ಕೂತ ಸದ್ದು. ಆಮೇಲೆ ಓದುವ ದನಿ, ಪಿಸುಮಾತಿನಲ್ಲಿ, ಅವ್ವ ಮಾತಾಡುವ ಹಾಗೆಯೇ, ಒಂದೊಂದೇ ಪದ. ಮಧ್ಯದಲ್ಲಿ ನಿಂತಿತು.

"ಅವ್ವಾ? ನೀನಾ ಬರ್ದಿದ್ದು?"

"ಊಂ ಕಣವ್ವ."

ಚಿಲಕ ತೆಗೆಯಿತು.

ನಾನು ನಿವೃತ್ತಳಾಗಿ ಎರಡು ವರ್ಷವಾಯಿತು. ಪೋಷಕರ ಕಪಾಟು ರದ್ದಿಗೆ ಹೋಗದಂತೆ ಜಗಳ ಮಾಡಿ ಉಳಿಸಿ ಬಂದೆ. ಅಲ್ಲಿ ಈಗ ಕೂರುವವರಿಗೆ ನಾನು ಹೇಳುವುದಿಷ್ಟೆ: ರಬ್ಬರ್ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ, ಆದರೆ ಮೊದಲು ಓದಿ, ಓದಿದ ಮೇಲೆ ಬರೆದವರನ್ನು ಹುಡುಕಿ.

ನನ್ನ ಕೊನೆಯ ದಿನ ಬೆಳಿಗ್ಗೆ ಲಕ್ಷ್ಮಮ್ಮನ ಮುಂದೆ ಹಾಜರಿ ಪುಸ್ತಕ ಇಟ್ಟೆ. ಮೊಹರಿನ ಶಾಯಿ ಡಬ್ಬಿಯನ್ನು ಮೇಜಿನ ಒಳಗೆ ಇಟ್ಟುಬಿಟ್ಟಿದ್ದೆ. ಅವಳು ನಕ್ಕು, ಪೆನ್ನು ತೆಗೆದುಕೊಂಡು, ನನ್ನ ಕಣ್ಣೆದುರೇ ನಿಧಾನವಾಗಿ ಬರೆದಳು: 'ಲಕ್ಸ್ಮಮ್ಮ.' ಕೆಂಪು ಪೆನ್ಸಿಲ್ ಅಲ್ಲೇ ಇತ್ತು. ನಾನು ಮುಟ್ಟಲಿಲ್ಲ.